ಬಟ್ಟಲಲ್ಲಿ ಸತ್ತದ್ದು ತೋಟದಲ್ಲಿ ಸಾಯುತ್ತದೆಯೇ?

ಪ್ರಶ್ನೆ: ನಮ್ಮದು ಕಾರ್ಕಳ ತಾಲೂಕಿನಲ್ಲಿ ಅಡಿಕೆ ತೋಟ, ಕೆಳಗೆ ಸ್ವಲ್ಪ ಗದ್ದೆಯೂ ಇದೆ. ಮಗಳು ಮಂಗಳೂರಿನಲ್ಲಿ ರಸಾಯನಶಾಸ್ತ್ರ ಎಂ.ಎಸ್ಸಿ. ಓದುತ್ತಿದ್ದಾಳೆ. ಅವಳ ವಿಭಾಗದಲ್ಲಿ ಹೊಸ ಹೊಸ ಸಂಯುಕ್ತಗಳನ್ನು ತಯಾರಿಸಿ ಶಿಲೀಂಧ್ರದ ಮೇಲೆ ಪರೀಕ್ಷೆ ಮಾಡುತ್ತಾರಂತೆ, ಕೆಲವು ತುಂಬ ಚೆನ್ನಾಗಿ ಕೆಲಸ ಮಾಡುತ್ತವಂತೆ. ಹಾಗಿದ್ದರೆ ಅವು ನಮ್ಮ ತೋಟಕ್ಕೆ ಏಕೆ ಬರುವುದಿಲ್ಲ? ಮಹಾಳಿಗೆ (ಅಡಿಕೆಯ ಕೊಳೆರೋಗಕ್ಕೆ) ಅಂಗಡಿಯವರು ಪ್ರತಿ ವರ್ಷ ಬೇರೆ ಬೇರೆ ಹೆಸರಿನ ಮದ್ದು ಕೊಡುತ್ತಾರೆ. ಅವು ನಿಜವಾಗಿ ಏನು ಮಾಡುತ್ತವೆ? ಮೈಲುತುತ್ತು, ಸುಣ್ಣದ ರಗಳೆಯನ್ನು ಇನ್ನು ನಿಲ್ಲಿಸಬಹುದೇ?

ಉತ್ತರ: ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಈ ಮಳೆಗಾಲಕ್ಕೇ ಬೇಕಾದದ್ದು. ಮೈಲುತುತ್ತು, ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣವನ್ನು ಕೈಬಿಡಬೇಡಿ. ಹೊಸ ಮದ್ದುಗಳು ಅದರ ಜೊತೆಗೆ ಇರಬೇಕಾದವು. ಅದರ ಜಾಗಕ್ಕೆ ಬರಬೇಕಾದವಲ್ಲ. ಹೀಗೆ ಹೇಳುವುದಕ್ಕೆ ಕಾರಣ ಹಳೆಯದರ ಮೇಲಿನ ಮೋಹವಲ್ಲ. ಹೊಸ ಅಣುಗಳು ಹುಟ್ಟುವ ರೀತಿಯಲ್ಲೇ ಆ ಕಾರಣ ಇದೆ.

ಮಹಾಳಿಯಿಂದಲೇ ಶುರು ಮಾಡೋಣ. ಈ ರೋಗವನ್ನು ತರುವುದು ಫೈಟಾಫ್ತೊರ ಮೀಡಿಯೈ ಎಂಬ ಜೀವಿ. ನೋಡಲು ಬಿಳಿ ಬೂಷ್ಟು, ಎಳೆ ಎಳೆಯಾಗಿ ಬೆಳೆಯುತ್ತದೆ, ಬೀಜಾಣು ಬಿಡುತ್ತದೆ. ಆದರೆ ಇದು ಶಿಲೀಂಧ್ರವಲ್ಲ. ಊಮೈಸೀಟ್ ಎಂಬ ಬೇರೆಯೇ ಗುಂಪಿನದು. ವಂಶಾವಳಿಯಲ್ಲಿ ಇದರ ಹತ್ತಿರದ ನೆಂಟರು ಸಮುದ್ರದ ಕಂದು ಪಾಚಿಗಳು. ಶಿಲೀಂಧ್ರಗಳ ಕೋಶಭಿತ್ತಿಯಲ್ಲಿ ಕೈಟಿನ್ ಮುಖ್ಯವಾದರೆ ಇದರ ಭಿತ್ತಿಯಲ್ಲಿ ಸೆಲ್ಯುಲೋಸ್ ಮತ್ತು ಗ್ಲೂಕಾನ್‌ಗಳು ಮುಖ್ಯ. ಶಿಲೀಂಧ್ರಗಳು ತಮ್ಮ ಕೋಶದ ಪೊರೆಗೆ ಬೇಕಾದ ಎರ್ಗೋಸ್ಟೆರಾಲ್ ಎಂಬ ವಸ್ತುವನ್ನು ತಾವೇ ತಯಾರಿಸಿಕೊಳ್ಳುತ್ತವೆ. ಫೈಟಾಫ್ತೊರ ಅದನ್ನು ತಯಾರಿಸುವುದೇ ಇಲ್ಲ.

ಇದು ಪಠ್ಯಪುಸ್ತಕದ ವಿವರ ಎಂದು ದಾಟಿಹೋಗಬೇಡಿ, ನಿಮ್ಮ ದುಡ್ಡು ಪೋಲಾಗುವುದೂ ಉಳಿಯುವುದೂ ಇಲ್ಲೇ. ಹೆಕ್ಸಾಕೊನಜೋಲ್, ಪ್ರೋಪಿಕೊನಜೋಲ್, ಟೆಬುಕೊನಜೋಲ್ ಮುಂತಾದ 'ಅಜೋಲ್' ಮದ್ದುಗಳೆಲ್ಲ ಮಾಡುವುದು ಒಂದೇ ಕೆಲಸ: ಎರ್ಗೋಸ್ಟೆರಾಲ್ ತಯಾರಾಗದಂತೆ ತಡೆಯುವುದು. ಆ ತಯಾರಿಯೇ ಇಲ್ಲದ ಜೀವಿಯ ಮೇಲೆ ಅವು ಏನು ಮಾಡಿಯಾವು? ಕಾರ್ಬೆಂಡಜಿಮ್ ಎಂಬ ಇನ್ನೊಂದು ಶಿಲೀಂಧ್ರನಾಶಕ ಕೂಡ ಫೈಟಾಫ್ತೊರಕ್ಕೆ ನಾಟುವುದಿಲ್ಲ. ನಾವು ಪ್ರಯೋಗಾಲಯದಲ್ಲಿ ಕೊಳೆತ ಕಾಯಿಯಿಂದ ಫೈಟಾಫ್ತೊರವನ್ನು ಬೇರ್ಪಡಿಸುವಾಗ ಅಗರ್ ಮಾಧ್ಯಮಕ್ಕೆ (ಬೂಷ್ಟು ಬೆಳೆಸುವ ಲೋಳೆಯಂಥ ಆಹಾರಕ್ಕೆ) ಪಿಮರಿಸಿನ್ ಎಂಬ ಶಿಲೀಂಧ್ರನಾಶಕವನ್ನು ಬೇಕೆಂದೇ ಸೇರಿಸುತ್ತೇವೆ. ಅದು ಎರ್ಗೋಸ್ಟೆರಾಲ್‌ಗೆ ಅಂಟಿಕೊಂಡು ಇತರ ಬೂಷ್ಟುಗಳನ್ನು ತಡೆಯುತ್ತದೆ, ಫೈಟಾಫ್ತೊರ ಮಾತ್ರ ಆರಾಮವಾಗಿ ಬೆಳೆಯುತ್ತದೆ. ಮಹಾಳಿಗೆ ಬರಿಯ ಅಜೋಲ್ ಹೊಡೆದರೆ ತೋಟದಲ್ಲೂ ಹೆಚ್ಚುಕಡಿಮೆ ಅದೇ ಪರಿಸ್ಥಿತಿ. ಅದೇ ಅಜೋಲ್‌ಗಳು ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಉಪಯೋಗಕ್ಕೆ ಬರುತ್ತವೆ, ಏಕೆಂದರೆ ಅದನ್ನು ತರುವ ಕೊಲೆಟೋಟ್ರೈಕಮ್‌ನಂಥವು ನಿಜವಾದ ಶಿಲೀಂಧ್ರಗಳು. ಹಾಗಾಗಿ ಅಂಗಡಿಗೆ ಹೋದಾಗ 'ಅಡಿಕೆಗೆ ಮದ್ದು ಕೊಡಿ' ಎನ್ನಬೇಡಿ. ರೋಗದ ಹೆಸರು ಹೇಳಿ ಕೇಳಿ, ಡಬ್ಬಿಯ ಮೇಲಿನ ವ್ಯಾಪಾರದ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ರಾಸಾಯನಿಕದ ಹೆಸರನ್ನು ಓದಿ. ನಿಮ್ಮ ಮಗಳು ರಸಾಯನಶಾಸ್ತ್ರದವಳು, ಅದನ್ನು ಓದಿ ಹೇಳಲು ಮನೆಯಲ್ಲೇ ಜನ ಇದ್ದಾರೆ. ಪ್ರತಿ ವರ್ಷ ಬದಲಾಗುವ ಹೆಸರುಗಳಲ್ಲಿ ಹೆಚ್ಚಿನವು ಅದೇ ನಾಲ್ಕಾರು ಅಣುಗಳ ಬೇರೆ ಬೇರೆ ಪೊಟ್ಟಣಗಳು ಎಂಬುದೂ ಆಗ ತಿಳಿಯುತ್ತದೆ.

ಇನ್ನು ಹೊಸ ಸಂಯುಕ್ತಗಳ ವಿಷಯ. ಒಂದು ಅಣು ಹೇಗೆ ಮದ್ದಾಗುತ್ತದೆ ಎಂಬುದಕ್ಕೆ ನಾನು ವಿದ್ಯಾರ್ಥಿಗಳಿಗೆ ಸದಾ ಹೇಳುವುದು ಸ್ಟ್ರೋಬಿಲ್ಯುರಿನ್‌ಗಳ ಕಥೆಯನ್ನು. ಯುರೋಪಿನ ಪೈನ್ ಕಾಡುಗಳಲ್ಲಿ ಉದುರಿದ ಪೈನ್ ಕಾಯಿಗಳ ಮೇಲೆ ಒಂದು ಪುಟ್ಟ ಅಣಬೆ ಬೆಳೆಯುತ್ತದೆ, ಸ್ಟ್ರೋಬಿಲ್ಯುರಸ್ ಟೆನಾಸೆಲ್ಲಸ್ ಎಂದು ಹೆಸರು. ತನ್ನ ಆಹಾರಕ್ಕೆ ಬೇರೆ ಬೂಷ್ಟುಗಳು ಬಾಯಿ ಹಾಕದಂತೆ ಅದು ಒಂದು ರಾಸಾಯನಿಕವನ್ನು ಸ್ರವಿಸುತ್ತದೆ. ಜರ್ಮನಿಯ ಟಿಮ್ ಆಂಕೆ, ವೋಲ್ಫ್‌ಗ್ಯಾಂಗ್ ಸ್ಟೆಗ್ಲಿಷ್ ಮತ್ತು ಜೊತೆಗಾರರು 1977ರಲ್ಲಿ ಅದನ್ನು ಬೇರ್ಪಡಿಸಿ ಸ್ಟ್ರೋಬಿಲ್ಯುರಿನ್ ಎಂದು ಕರೆದರು. ಪ್ರಯೋಗಾಲಯದ ಅಗರ್ ಬಟ್ಟಲಿನಲ್ಲಿ ಅದ್ಭುತವಾಗಿ ಕೆಲಸ ಮಾಡಿತು. ಶಿಲೀಂಧ್ರದ ಕೋಶದಲ್ಲಿ ಉಸಿರಾಟದ ಶಕ್ತಿ ಹುಟ್ಟುವ ಮೈಟೊಕಾಂಡ್ರಿಯದೊಳಗೆ ಒಂದು ನಿರ್ದಿಷ್ಟ ಜಾಗಕ್ಕೆ ಹೋಗಿ ಕೂತು ಎಲೆಕ್ಟ್ರಾನ್‌ಗಳ ಓಡಾಟವನ್ನೇ ನಿಲ್ಲಿಸುತ್ತಿತ್ತು. ಗಿಡಕ್ಕೆ ಸಿಂಪಡಿಸಿದರೆ ಮಾತ್ರ ಏನೂ ಪ್ರಯೋಜನವಿಲ್ಲ! ಬಿಸಿಲು ತಾಗಿದ ಕೂಡಲೇ ಅಣು ಒಡೆದುಹೋಗುತ್ತಿತ್ತು, ಉಳಿದದ್ದು ಆವಿಯಾಗುತ್ತಿತ್ತು. ಕಾಡಿನ ನೆರಳಲ್ಲಿ, ಕಾಯಿಯ ಒಳಗೆ ಬದುಕುವ ಅಣಬೆಗೆ ಬಿಸಿಲು ತಡೆಯುವ ಅಣು ಬೇಕಿರಲಿಲ್ಲ. ಹೊಲದಲ್ಲಿ ನಿಂತ ಗೋಧಿಗೆ ಬೇಕಿತ್ತು.

ಅಲ್ಲಿಂದ ಸಂಶ್ಲೇಷಣೆಯ ಕೆಲಸ ಶುರುವಾಯಿತು. ಇಂಗ್ಲೆಂಡಿನ ಐಸಿಐ ಕಂಪೆನಿ, ಜರ್ಮನಿಯ ಬಿಎಎಸ್‌ಎಫ್ ಕಂಪೆನಿ ಎರಡೂ ಬೇರೆ ಬೇರೆಯಾಗಿ ಈ ಅಣುವನ್ನು ತಿದ್ದತೊಡಗಿದವು. ಗುರಿಯ ಜಾಗಕ್ಕೆ ಅಂಟುವ ತುದಿಯನ್ನು ಹಾಗೆಯೇ ಉಳಿಸಿಕೊಂಡು, ಬಿಸಿಲಿಗೆ ಒಡೆಯುವ ಸರಪಳಿಯನ್ನು ತೆಗೆದು ಗಟ್ಟಿಯಾದ ಬೆಂಜೀನ್ ಉಂಗುರಗಳನ್ನು ಕೂರಿಸಿದರು. ಬಿಸಿಲು ತಡೆಯಿತು. ಆಮೇಲೆ ಎಲೆಯ ಮೇಣದ ಪದರವನ್ನು ದಾಟಬೇಕು, ಆದರೆ ಅಲ್ಲೇ ಸಿಕ್ಕಿಕೊಳ್ಳಬಾರದು. ಎಣ್ಣೆಯಲ್ಲಿ ಸಾಕಷ್ಟು ಕರಗಬೇಕು, ನೀರಿನಲ್ಲೂ ಅಷ್ಟಿಷ್ಟು ಕರಗಬೇಕು. ಉಂಗುರಗಳಲ್ಲಿ ಒಂದನ್ನು ಪಿರಿಮಿಡಿನ್ (ಸಾರಜನಕ ಇರುವ ಉಂಗುರ) ಮಾಡಿದಾಗ ಆ ಸಮತೋಲ ಸಿಕ್ಕಿತು. ಹೀಗೆ ಬಂದದ್ದು ಅಜಾಕ್ಸಿಸ್ಟ್ರೋಬಿನ್, 1996ರಲ್ಲಿ ಮಾರುಕಟ್ಟೆಗೆ. ಅಣಬೆಯಿಂದ ಡಬ್ಬಿಗೆ ಸುಮಾರು 20 ವರ್ಷ. ಫೈಟಾಫ್ತೊರಕ್ಕೂ ಮೈಟೊಕಾಂಡ್ರಿಯ ಇರುವುದರಿಂದ ಈ ಗುಂಪು ಅದರ ಮೇಲೂ ಕೆಲಸ ಮಾಡುತ್ತದೆ. ಇದು ಅಜೋಲ್‌ಗಳಿಗೂ ಇವಕ್ಕೂ ಇರುವ ದೊಡ್ಡ ವ್ಯತ್ಯಾಸ.

ಆದರೆ ಕಥೆಯ ಇನ್ನೊಂದು ಅರ್ಧವನ್ನೂ ಕೇಳಬೇಕು. 1998ರ ಹೊತ್ತಿಗೆ ಉತ್ತರ ಜರ್ಮನಿಯ ಗೋಧಿಯ ಬೂದಿರೋಗದ ಶಿಲೀಂಧ್ರ ಈ ಮದ್ದಿಗೆ ಜಗ್ಗದಂತಾಯಿತು. ಎರಡೇ ವರ್ಷ. ಆ ಶಿಲೀಂಧ್ರದ ಒಂದು ಪ್ರೋಟೀನಿನಲ್ಲಿ 143ನೆಯ ಸ್ಥಾನದಲ್ಲಿದ್ದ ಗ್ಲೈಸಿನ್ ಹೋಗಿ ಅಲನಿನ್ ಬಂದಿತ್ತು, ಅಷ್ಟೇ. ಒಂದು ಅಮೈನೋ ಆಮ್ಲದ ಬದಲಾವಣೆಯಿಂದ ಅಣು ಕೂರಬೇಕಾದ ಜಾಗ ಇಕ್ಕಟ್ಟಾಯಿತು. ಎರಡು ದಶಕಗಳ ದುಡಿಮೆ ಆ ರೋಗದ ಮಟ್ಟಿಗೆ ವ್ಯರ್ಥವಾಯಿತು.

ನಮ್ಮ ಮಹಾಳಿಗೆ ಹತ್ತಿರದ ಉದಾಹರಣೆ ಮೆಟಲಾಕ್ಸಿಲ್. 1970ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ-ಗೈಗಿ ಕಂಪೆನಿ ತಂದ ಈ ಅಣು ಊಮೈಸೀಟ್‌ಗಳಿಗೆಂದೇ ಹೇಳಿಮಾಡಿಸಿದಂತಿತ್ತು. ಅವುಗಳ ಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗೆ ಬೇಕಾದ ಆರ್‌ಎನ್‌ಎ ತಯಾರಾಗದಂತೆ ತಡೆಯುತ್ತದೆ. ಗಿಡದ ಅಂಗಾಂಶದೊಳಗೆ ಇಳಿಯುತ್ತದೆ, ಆದ್ದರಿಂದ ಸೋಂಕು ತಗಲಿ ಒಂದೆರಡು ದಿನವಾಗಿದ್ದರೂ ತಡೆಯಬಲ್ಲದು. ಬೋರ್ಡೋಗೆ ಈ ಶಕ್ತಿ ಇಲ್ಲ, ಅದು ಕಾಯಿಯ ಹೊರಗೆ ಕಾವಲು ನಿಲ್ಲುವ ಮದ್ದು. ಇನ್ನೊಂದು ಸೊಗಸು ಈ ಅಣುವಿನ ರಚನೆಯಲ್ಲಿದೆ. ಮೆಟಲಾಕ್ಸಿಲ್‌ಗೆ ಕನ್ನಡಿಯ ಬಿಂಬದಂತೆ ಎರಡು ರೂಪಗಳಿವೆ, ಹೆಚ್ಚುಕಡಿಮೆ ಎಲ್ಲ ಕೆಲಸವನ್ನೂ ಮಾಡುವುದು ಒಂದೇ ರೂಪ. ಅದನ್ನೇ ಹೆಚ್ಚಾಗಿ ತಯಾರಿಸಿ ಮೆಟಲಾಕ್ಸಿಲ್-ಎಂ ಎಂದು ಮಾರುತ್ತಾರೆ, ಅರ್ಧದಷ್ಟು ಪ್ರಮಾಣ ಸಾಕಾಗುತ್ತದೆ. ಭೂಮಿಗೆ ಬೀಳುವ ರಾಸಾಯನಿಕವನ್ನು ರಸಾಯನಶಾಸ್ತ್ರವೇ ಅರ್ಧಕ್ಕೆ ಇಳಿಸಿದ ಕೆಲಸ ಇದು, ನನಗೆ ಇದರ ಮೇಲೆ ಬಹಳ ಗೌರವ.

ಇದಕ್ಕೂ ಅದೇ ಗತಿಯಾಯಿತು. 1980ರಲ್ಲಿ ಐರ್ಲೆಂಡ್, ನೆದರ್‌ಲೆಂಡ್ಸ್‌ಗಳಲ್ಲಿ ಆಲೂಗಡ್ಡೆಯ ಅಂಗಮಾರಿಯನ್ನು ತರುವ ಫೈಟಾಫ್ತೊರ ಇನ್‌ಫೆಸ್ಟನ್ಸ್ ಈ ಮದ್ದನ್ನು ಮೀರಿ ಬೆಳೆಯಿತು. 1845ರ ನಂತರ ಐರ್ಲೆಂಡನ್ನು ಕ್ಷಾಮಕ್ಕೆ ತಳ್ಳಿದ ಜೀವಿಯೇ ಅದು. ಬರಿಯ ಮೆಟಲಾಕ್ಸಿಲ್ ಒಂದನ್ನೇ ಮತ್ತೆ ಮತ್ತೆ ಹೊಡೆದದ್ದು ಕಾರಣ. ಇಂದು ನಿಮಗೆ ಅಂಗಡಿಯಲ್ಲಿ ಮೆಟಲಾಕ್ಸಿಲ್ ಶೇ. 8, ಮ್ಯಾಂಕೊಜೆಬ್ ಶೇ. 64 ಸೇರಿಸಿದ ಪುಡಿ ಸಿಗುವುದು ಆ ಪಾಠದ ಫಲ. ಮ್ಯಾಂಕೊಜೆಬ್ ಜೀವಿಯ ಒಂದು ಜಾಗಕ್ಕಲ್ಲ, ಹಲವು ಜಾಗಗಳಿಗೆ ಒಟ್ಟಿಗೆ ಪೆಟ್ಟು ಕೊಡುತ್ತದೆ. ಒಂದೇ ಬದಲಾವಣೆಯಿಂದ ಅದನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಮೈಲುತುತ್ತಿನಲ್ಲಿರುವ ತಾಮ್ರವೂ ಹಾಗೆಯೇ. ಬೋರ್ಡೋದ ಗಟ್ಟಿತನ ಇರುವುದು ಅಲ್ಲಿ. ಫ್ರಾನ್ಸಿನ ಬೋರ್ಡೋ ವಿಶ್ವವಿದ್ಯಾಲಯದ ಮಿಲಾರ್ಡೆ, ದಾರಿಬದಿಯ ದ್ರಾಕ್ಷಿಯನ್ನು ಕಳ್ಳರಿಂದ ಉಳಿಸಲು ರೈತರು ಬಳಿದಿದ್ದ ಮೈಲುತುತ್ತು-ಸುಣ್ಣ ರೋಗವನ್ನೂ ತಡೆದದ್ದನ್ನು 1882ರಲ್ಲಿ ಗಮನಿಸಿ, 1885ರಲ್ಲಿ ಪ್ರಕಟಿಸಿದರು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಅದಕ್ಕೆ ಬೋರ್ಡೋ ಸಿಂಪಡಣೆಯನ್ನು ಬಳಕೆಗೆ ತಂದರು. ಅಂದಿನಿಂದ ಇಂದಿನವರೆಗೆ ಶತಮಾನಕ್ಕೂ ಹೆಚ್ಚು ಕಾಲ ಅದು ನಮ್ಮ ಗೊನೆಗಳನ್ನು ಕಾಯುತ್ತ ಬಂದಿದೆ. ತಾಮ್ರದ ಅಯಾನುಗಳು ಬೀಜಾಣುವಿನ ಒಳಗೆ ಹಲವು ಕಿಣ್ವಗಳಿಗೆ ಅಂಟಿ ಅವನ್ನು ಕೆಡಿಸುತ್ತವೆ. ಹಾಗೆಂದು ಅದರಲ್ಲಿ ದೋಷವಿಲ್ಲ ಎನ್ನುತ್ತಿಲ್ಲ. ಕಿಲೋಗಟ್ಟಲೆ ಬೇಕು, ಮರ ಹತ್ತುವವರು ಸಿಗಬೇಕು, ವರ್ಷ ವರ್ಷ ಬಿದ್ದ ತಾಮ್ರ ಮಣ್ಣಿನಿಂದ ಎಲ್ಲೂ ಹೋಗುವುದಿಲ್ಲ. ತೋಡಿನ ಮೀನಿಗೂ ಅದು ಒಳ್ಳೆಯದಲ್ಲ. ಅಜಾಕ್ಸಿಸ್ಟ್ರೋಬಿನ್ ಕೂಡ ಜಲಚರಗಳಿಗೆ ಬಹಳ ವಿಷ ಎಂಬುದನ್ನು ತೋಡಿನ ಬದಿಯ ತೋಟದವರು ಮರೆಯಬಾರದು. ಈ ದೋಷಗಳಿಗಾಗಿಯೇ ಹೊಸ ಅಣುಗಳು ಬೇಕು.

ಈಚಿನ ಅಣುಗಳಲ್ಲಿ ಮ್ಯಾಂಡಿಪ್ರೊಪಮಿಡ್ ಊಮೈಸೀಟ್‌ನ ಭಿತ್ತಿಗೆ ಬೇಕಾದ ಸೆಲ್ಯುಲೋಸ್ ತಯಾರಿಯನ್ನೇ ತಡೆಯುತ್ತದೆ. ಮೇಣದ ಪದರಕ್ಕೆ ಬೇಗ ಅಂಟಿಕೊಳ್ಳುವುದರಿಂದ ಮಳೆಗೆ ಸುಲಭವಾಗಿ ತೊಳೆದುಹೋಗುವುದಿಲ್ಲ. ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ವಿಜ್ಞಾನಿಗಳು ಇದನ್ನು ಅಡಿಕೆಯ ಮೇಲೆ ಪರೀಕ್ಷಿಸಿದ್ದಾರೆ. ಆಕ್ಸಾಥಿಯಾಪಿಪ್ರೊಲಿನ್ ಎಂಬ ಇನ್ನೊಂದು ಹೆಕ್ಟೇರಿಗೆ ಗ್ರಾಂ ಲೆಕ್ಕದಲ್ಲಿ ಸಾಕಾಗುವಷ್ಟು ಚುರುಕು. ಎರಡೂ ಒಂದೊಂದೇ ಜಾಗಕ್ಕೆ ಗುರಿಯಿಡುವವು, ಹಾಗಾಗಿ ಎರಡಕ್ಕೂ ಮೆಟಲಾಕ್ಸಿಲ್‌ನ ಅಪಾಯವೇ ಇದೆ.

ಈಗ ನಿಮ್ಮ ಮಗಳ ವಿಭಾಗಕ್ಕೆ ಬರೋಣ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯವಿರಲಿ, ಸುರತ್ಕಲ್‌ನ ಎನ್‌ಐಟಿಕೆ ಇರಲಿ, ನಮ್ಮ ಜಿಲ್ಲೆಯ ಸಾವಯವ ರಸಾಯನಶಾಸ್ತ್ರಜ್ಞರು ಪೈರಜೋಲ್, ಟ್ರಯಜೋಲ್, ಆಕ್ಸಾಡಯಜೋಲ್ ಮುಂತಾದ ಉಂಗುರಗಳುಳ್ಳ ಅಣುಗಳನ್ನು ಜೋಡಿಸುವುದರಲ್ಲಿ ನುರಿತವರು. ಈ ಉಂಗುರಗಳು ಎಷ್ಟೋ ಯಶಸ್ವಿ ಮದ್ದುಗಳ ಒಳಗೆ ಇವೆ. ಆದರೆ ಇಂಥ ವಿಭಾಗಗಳಲ್ಲಿ ಸಾಮಾನ್ಯವಾಗಿ ನಡೆಯುವ ಪರೀಕ್ಷೆ ಯಾವುದು? ಅಗರ್ ತುಂಬಿದ ಬಟ್ಟಲಿನಲ್ಲಿ ಕ್ಯಾಂಡಿಡ ಅಥವಾ ಆಸ್ಪರ್ಜಿಲಸ್ ಬೆಳೆಸಿ, ಸಂಯುಕ್ತ ಹಾಕಿದ ಗುಳಿಯ ಸುತ್ತ ಎಷ್ಟು ಮಿಲಿಮೀಟರ್ ಬೆಳೆಯದೆ ಉಳಿಯಿತು ಎಂದು ಅಳೆಯುವುದು. ಆ ಎರಡೂ ನಮ್ಮ ಅಡಿಕೆಯ ರೋಗಾಣುಗಳಲ್ಲ. ಅಲ್ಲಿ ಗೆದ್ದ ಸಂಯುಕ್ತ ಫೈಟಾಫ್ತೊರದ ಮುಂದೆ ಏನೂ ಅಲ್ಲದಿರಬಹುದು. ಆ ಗುಳಿಯ ಸುತ್ತಲಿನ ಖಾಲಿ ಜಾಗ ಸಂಯುಕ್ತದ ಕೊಲ್ಲುವ ಶಕ್ತಿಯನ್ನು ಮಾತ್ರವಲ್ಲ, ಅಗರ್‌ನಲ್ಲಿ ಅದು ಎಷ್ಟು ದೂರ ಹರಡುತ್ತದೆ ಎಂಬುದನ್ನೂ ಅವಲಂಬಿಸಿರುತ್ತದೆ.

ತಿರುಗಾಮುರುಗ ಕೂಡ ಆಗುತ್ತದೆ, ಬಟ್ಟಲಿನಲ್ಲಿ ಸೋತದ್ದು ಹೊಲದಲ್ಲಿ ಗೆಲ್ಲಬಹುದು. ಇದಕ್ಕೆ ನಿಮ್ಮ ಗದ್ದೆಯಲ್ಲೇ ಸಾಕ್ಷಿ ಇದೆ. ಭತ್ತದ ಬೆಂಕಿ ರೋಗಕ್ಕೆ ಬಹುಕಾಲದಿಂದ ಬಳಸುವ ಟ್ರೈಸೈಕ್ಲಜೋಲ್ ಅನ್ನು ಅಗರ್‌ಗೆ ಹಾಕಿ ನೋಡಿದರೆ ಶಿಲೀಂಧ್ರ ಸಾಯುವುದಿಲ್ಲ, ಚೆನ್ನಾಗಿಯೇ ಬೆಳೆಯುತ್ತದೆ. ಬಣ್ಣ ಮಾತ್ರ ಕಪ್ಪಿನ ಬದಲು ಕಂದುಗೆಂಪಾಗುತ್ತದೆ. ಏಕೆಂದರೆ ಹೆಸರು ಹಾಗೆ ಕೇಳಿಸಿದರೂ ಇದು ಮೇಲೆ ಹೇಳಿದ ಅಜೋಲ್‌ಗಳ ಗುಂಪಿನದಲ್ಲ, ಇದು ತಡೆಯುವುದು ಮೆಲನಿನ್ ಎಂಬ ಕಪ್ಪು ವರ್ಣದ ತಯಾರಿಯನ್ನು. ಬೆಂಕಿ ರೋಗದ ಬೀಜಾಣು ಎಲೆಯ ಮೇಲೆ ಒಂದು ಗುಮ್ಮಟದಂಥ ಕೋಶ ಕಟ್ಟಿಕೊಂಡು, ಅದರೊಳಗೆ ನೀರಿನ ಒತ್ತಡವನ್ನು 8 ಮೆಗಾಪಾಸ್ಕಲ್‌ವರೆಗೆ, ಅಂದರೆ ಕಾರಿನ ಟಯರಿನ ಗಾಳಿಯ ಸುಮಾರು 40 ಪಟ್ಟು ಏರಿಸಿ, ಎಲೆಯನ್ನು ಚುಚ್ಚಿ ಒಳನುಗ್ಗುತ್ತದೆ. ಆ ಗುಮ್ಮಟದ ಗೋಡೆಗೆ ಮೆಲನಿನ್ ಲೇಪ ಇಲ್ಲದಿದ್ದರೆ ಒತ್ತಡ ನಿಲ್ಲುವುದಿಲ್ಲ, ಚುಚ್ಚಲು ಆಗುವುದಿಲ್ಲ. ಶಿಲೀಂಧ್ರ ಬದುಕಿಯೇ ಇರುತ್ತದೆ, ಆದರೆ ಎಲೆಯ ಹೊರಗೆ. ಬಟ್ಟಲಿನ ಪರೀಕ್ಷೆಯನ್ನೇ ನಂಬಿ ಕೂತಿದ್ದರೆ ಇಂಥ ಮದ್ದನ್ನು ಮೊದಲ ದಿನವೇ ಎಸೆದುಬಿಡಬೇಕಿತ್ತು. ಗಿಡದ ಮೇಲೆ ಪರೀಕ್ಷಿಸಿದ್ದರಿಂದ ಉಳಿಯಿತು. (ಟ್ರೈಸೈಕ್ಲಜೋಲ್ ಬಳಸುವವರು ಕೊಯ್ಲಿಗೆ ಮೊದಲಿನ ಕಾಯುವ ಅವಧಿಯನ್ನು ಪಾಲಿಸಲೇಬೇಕು. ಐರೋಪ್ಯ ಒಕ್ಕೂಟ ಅಕ್ಕಿಯಲ್ಲಿ ಇದರ ಉಳಿಕೆಯ ಮಿತಿಯನ್ನು ಕಿಲೋಗೆ 0.01 ಮಿಲಿಗ್ರಾಂಗೆ ಇಳಿಸಿದಾಗ ನಮ್ಮ ದೇಶದ ಬಾಸ್ಮತಿ ರಫ್ತಿಗೆ ದೊಡ್ಡ ಪೆಟ್ಟು ಬಿದ್ದಿತ್ತು.)

ಬಟ್ಟಲು ದಾಟಿದ ಮೇಲೂ ದಾರಿ ಉದ್ದ. ಅಡಿಕೆ ಗೊನೆ ಸೋಗೆಯ ಕೆಳಗೆ ತೂಗುತ್ತದೆ, ಕಾಯಿಯ ಮೈ ಮೇಣದಿಂದ ನುಣುಪು, ಮೇಲಿನಿಂದ ವರ್ಷಕ್ಕೆ 3,500 ಮಿ.ಮೀ. ಮೀರುವ ಮಳೆ. ಅಂಟಿಕೊಳ್ಳದ ಅಣು ಆಟಿ ತಿಂಗಳ ಒಂದು ಮಳೆಗೆ ತೊಳೆದು ಬುಡಕ್ಕೆ ಬೀಳುತ್ತದೆ. ಗಿಡದೊಳಗೆ ಸಂಚರಿಸುವ ಮದ್ದುಗಳೂ ಹೆಚ್ಚಿನವು ನೀರು ಏರುವ ದಾರಿಯಲ್ಲಿ ಮೇಲಕ್ಕೆ ಮಾತ್ರ ಹೋಗುತ್ತವೆ. ಸೋಗೆಗೆ ಬಿದ್ದದ್ದು ಇಳಿದು ಗೊನೆಗೆ ಬರುತ್ತದೆ ಎಂಬ ನಂಬಿಕೆ ಬೇಡ. ಮೇಲಕ್ಕೂ ಕೆಳಕ್ಕೂ ಚಲಿಸುವುದು ಪೊಟ್ಯಾಸಿಯಂ ಫಾಸ್ಫೊನೇಟ್‌ನಂಥ ಕೆಲವೇ ಕೆಲವು. ಅವು ಗಿಡದ ಸ್ವಂತ ರಕ್ಷಣಾ ಶಕ್ತಿಯನ್ನೂ ಎಚ್ಚರಿಸುತ್ತವೆ.

ಇಷ್ಟೆಲ್ಲ ಗೆದ್ದ ಮೇಲೆ ಜೇನುನೊಣ, ಮೀನು, ಎರೆಹುಳು, ಇಲಿಗಳ ಮೇಲಿನ ಪರೀಕ್ಷೆ, ಕ್ಯಾನ್ಸರ್ ತರುತ್ತದೆಯೇ, ಮಣ್ಣಿನಲ್ಲಿ ಎಷ್ಟು ದಿನ ಉಳಿಯುತ್ತದೆ, ಒಡೆದ ಮೇಲೆ ಏನಾಗುತ್ತದೆ ಎಂಬ ವರ್ಷಗಟ್ಟಲೆ ಅಧ್ಯಯನ. ಜಾಗತಿಕ ಮಟ್ಟದಲ್ಲಿ ಲೆಕ್ಕ ಹಾಕಿದವರ ಪ್ರಕಾರ ಒಂದು ಹೊಸ ಅಣು ಮಾರುಕಟ್ಟೆ ತಲುಪಲು ಒಂದೂವರೆ ಲಕ್ಷಕ್ಕೂ ಹೆಚ್ಚು ಸಂಯುಕ್ತಗಳನ್ನು ಜಾಲಾಡಬೇಕು, 11-12 ವರ್ಷ ಬೇಕು, 30 ಕೋಟಿ ಡಾಲರ್‌ನಷ್ಟು ಖರ್ಚು. ಅಷ್ಟು ಹಣ ಹಾಕುವ ಕಂಪೆನಿ ಗೋಧಿ, ಸೋಯಾ, ಆಲೂಗಡ್ಡೆ, ದ್ರಾಕ್ಷಿಯ ಕಡೆ ನೋಡುತ್ತದೆಯೇ ಹೊರತು ಅಡಿಕೆಯ ಕಡೆ ಅಲ್ಲ. ನಮಗೆ ಬರುವುದೆಲ್ಲ ಆ ಬೆಳೆಗಳಿಗೆಂದು ಹುಟ್ಟಿದ ಅಣುಗಳು. ಭಾರತದಲ್ಲಿ 1968ರ ಕೀಟನಾಶಕ ಕಾಯ್ದೆಯಡಿ ಕೇಂದ್ರದ ನೋಂದಣಿ ಸಮಿತಿ ಯಾವ ಮದ್ದು, ಯಾವ ಬೆಳೆಗೆ, ಯಾವ ರೋಗಕ್ಕೆ, ಎಷ್ಟು ಪ್ರಮಾಣ ಎಂದು ನಿಗದಿ ಮಾಡುತ್ತದೆ. ಡಬ್ಬಿಯೊಳಗಿನ ಚೀಟಿಯಲ್ಲಿ ಅದು ಇರುತ್ತದೆ, ಓದದೆ ಬಿಸಾಡಬೇಡಿ.

ಈ ಮಳೆಗಾಲಕ್ಕೆ ನಾನು ಹೇಳುವುದು ಹೀಗೆ. ಮಳೆ ಹಿಡಿಯುವ ಮೊದಲೇ ಒಂದು ಸಲ ಶೇ. 1ರ ಬೋರ್ಡೋ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಒಳ್ಳೆಯ ಸುಣ್ಣ. ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಿರಿ, ತಿರುಗಿಸಿ ಹೊಯ್ಯಬೇಡಿ. ಹೊಳೆಯುವ ಚೂರಿಯನ್ನು ಅದ್ದಿ ತೆಗೆದಾಗ ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಮಾಡಿದ ದಿನವೇ ಮುಗಿಸಿ. ರಾಳದ ಅಂಟು ಸೇರಿಸಿ. ಕಾಯಿ ದೊಡ್ಡದಾದಂತೆ ಮದ್ದಿಲ್ಲದ ಹೊಸ ಮೈ ತೆರೆದುಕೊಳ್ಳುತ್ತದೆ, ಆದ್ದರಿಂದ 40-45 ದಿನಕ್ಕೆ ಎರಡನೆಯ ಸಲ. ಮಳೆ ಎಡೆಬಿಡದೆ ಸುರಿದು ರೋಗ ಕಾಣಿಸಿಕೊಂಡ ತೋಟದಲ್ಲಿ ಆ ಎರಡನೆಯ ಸಲಕ್ಕೆ ಮೆಟಲಾಕ್ಸಿಲ್-ಮ್ಯಾಂಕೊಜೆಬ್ ಮಿಶ್ರಣವನ್ನೋ ಮ್ಯಾಂಡಿಪ್ರೊಪಮಿಡ್ ಅನ್ನೋ ಬಳಸುವ ಬಗ್ಗೆ ವಿಟ್ಲದ ಸಿಪಿಸಿಆರ್‌ಐ ಕೇಂದ್ರದಲ್ಲಿ ಅಥವಾ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೇಳಿ, ಅಡಿಕೆಗೆ ಈಗಿನ ಶಿಫಾರಸು ಮತ್ತು ಪ್ರಮಾಣ ಏನೆಂದು ಖಚಿತ ಮಾಡಿಕೊಳ್ಳಿ. ಒಂದೇ ಹಂಗಾಮಿನಲ್ಲಿ ಅದೇ ಹೊಸ ಮದ್ದನ್ನು ಮತ್ತೆ ಮತ್ತೆ ಹೊಡೆಯಬೇಡಿ. ಬೋರ್ಡೋದ ಡ್ರಮ್ಮಿಗೇ ಇನ್ನೊಂದು ಮದ್ದು ಬೆರೆಸುವ ಅಭ್ಯಾಸ ಕೆಲವರಲ್ಲಿದೆ. ಸುಣ್ಣದ ಕ್ಷಾರಕ್ಕೆ ಹಲವು ಅಣುಗಳು ಒಡೆದುಹೋಗುತ್ತವೆ. ಉದುರಿದ ಕೊಳೆತ ಕಾಯಿಗಳನ್ನು ಹೆಕ್ಕಿ ತೋಟದಿಂದ ಹೊರಗೆ ಸಾಗಿಸುವುದನ್ನು ಮಾತ್ರ ಯಾವ ಮದ್ದೂ ನಿಮ್ಮ ಪರವಾಗಿ ಮಾಡದು. ಒಂದೊಂದು ಕಾಯಿಯಿಂದಲೂ ಮಳೆನೀರಿನಲ್ಲಿ ಈಜುವ ಸಾವಿರಾರು ಬೀಜಾಣುಗಳು ಹೊರಡುತ್ತವೆ.

ಎಲೆಚುಕ್ಕಿಗೆ ಅಜೋಲ್ ಹೊಡೆಯುವಾಗಲೂ ಕೈ ಬಿಗಿಯಿರಲಿ. ಆಸ್ಪತ್ರೆಯಲ್ಲಿ ಶ್ವಾಸಕೋಶದ ಶಿಲೀಂಧ್ರ ಸೋಂಕಿಗೆ ಕೊಡುವ ವೊರಿಕೊನಜೋಲ್, ಇಟ್ರಾಕೊನಜೋಲ್ ಇದೇ ಕುಟುಂಬದವು. ಹೊಲಗಳಲ್ಲಿ ಅಜೋಲ್ ಬಳಕೆಯಿಂದ ಜಗ್ಗದಂತಾದ ಆಸ್ಪರ್ಜಿಲಸ್ ರೋಗಿಗಳಲ್ಲೂ ಕಾಣಿಸಿಕೊಂಡದ್ದನ್ನು ನೆದರ್‌ಲೆಂಡ್ಸ್‌ನ ವೈದ್ಯರು ದಾಖಲಿಸಿದ್ದಾರೆ. ನಮ್ಮ ತೋಟದ ಮದ್ದಿಗೂ ನಮ್ಮವರ ಚಿಕಿತ್ಸೆಗೂ ಇಷ್ಟು ಹತ್ತಿರದ ನಂಟು ಇದೆ ಎಂಬುದು ನನ್ನನ್ನು ನಿಜಕ್ಕೂ ಕಾಡುವ ವಿಷಯ.

ನಿಮ್ಮ ಮಗಳಿಗೆ ಒಂದು ಮಾತು. ಅವಳ ವಿಭಾಗದ ಕಪಾಟಿನಲ್ಲಿ ಸಣ್ಣ ಸಣ್ಣ ಸೀಸೆಗಳಲ್ಲಿ ಕೂತಿರುವ ಸಂಯುಕ್ತಗಳಲ್ಲಿ ಬಹುಪಾಲು ಫೈಟಾಫ್ತೊರದ ಮುಖವನ್ನೇ ಕಂಡಿರಲಾರವು. ಅವಳು ತನ್ನ ಮಾರ್ಗದರ್ಶಕರನ್ನು ಕೇಳಿ, ಸಸ್ಯರೋಗ ವಿಭಾಗವೊಂದರ ಜೊತೆ ಸೇರಿ ಫೈಟಾಫ್ತೊರ ಮೀಡಿಯೈ ಮೇಲೆ ಪರೀಕ್ಷಿಸಲಿ. ಮೆಟಲಾಕ್ಸಿಲ್ ಅನ್ನು ಹೋಲಿಕೆಗೆ ಪಕ್ಕದಲ್ಲಿ ಇಡಲಿ. ಎಳೆಯ ಬೆಳವಣಿಗೆಯನ್ನು ಅಳೆದರೆ ಸಾಲದು, ಈಜುವ ಬೀಜಾಣುವಿನ ಮೇಲೂ ನೋಡಬೇಕು. ಮೆಟಲಾಕ್ಸಿಲ್ ಎಳೆಗಳನ್ನು ತಡೆದರೂ ಬೀಜಾಣು ಮೊಳೆಯುವುದನ್ನು ಅಷ್ಟಾಗಿ ತಡೆಯುವುದಿಲ್ಲ, ಹಾಗಾಗಿ ಆ ಹಂತದಲ್ಲಿ ಗೆಲ್ಲುವ ಅಣುವಿಗೆ ಬೆಲೆ ಇದೆ. ಆಮೇಲೆ ಎಳೆ ಅಡಿಕೆ ಕಾಯಿಗಳನ್ನೇ ಕಿತ್ತು ತಂದು, ಸಂಯುಕ್ತದಲ್ಲಿ ಅದ್ದಿ, ಒಣಗಿಸಿ, ಒಂದು ತಾಸು ನೀರು ಸುರಿಸಿ, ಅನಂತರ ರೋಗಾಣು ಹಚ್ಚಬೇಕು. ಇದಕ್ಕೆ ದುಬಾರಿ ಯಂತ್ರ ಯಾವುದೂ ಬೇಡ. ರೋಗಾಣುವಿಗೆಂದು ನಿಮ್ಮ ತೋಟದಿಂದ ಕಾಯಿ ಕಳಿಸುವುದಾದರೆ ಪೂರ್ತಿ ಕೊಳೆತದ್ದು ಬೇಡ, ಅದರಲ್ಲಿ ಬೇರೆ ಬೂಷ್ಟುಗಳು ಸೇರಿಕೊಂಡಿರುತ್ತವೆ. ತೊಟ್ಟಿನ ಬಳಿ ಈಗಷ್ಟೇ ನೀರು ತುಂಬಿದಂಥ ಕಡುಹಸಿರು ಕಲೆ ಕಂಡ ಕಾಯಿಗಳನ್ನು ಕಾಗದದಲ್ಲಿ ಸುತ್ತಿ, ಅದೇ ದಿನ ತಲುಪಿಸಿ. ಕಲೆಯೂ ಹಸಿರೂ ಸೇರುವ ಅಂಚಿನಿಂದ ತುಂಡು ತೆಗೆದರೆ ಫೈಟಾಫ್ತೊರ ಸಿಗುತ್ತದೆ.